ಸುಳ್ಳು ಹೇಳುವ ಗೇರ್ ಬಾಕ್ಸ್

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ನನ್ನ ಸೈಕಲ್ ಕೊಟ್ಟು ಒಂದು ಗೇರ್ ಬಾಕ್ಸ್ ತಂದೆ. ಅದನ್ನು ಕೂರಿಸಲು ನನ್ನ ಹತ್ತಿರ ಕಾರಿರಲಿಲ್ಲ, ಬೈಕಿರಲಿಲ್ಲ, ಈಗ ಸೈಕಲ್ಲೂ ಇರಲಿಲ್ಲ. ಇದ್ದದ್ದು ಒಂದು ಲೇತ್ ಮಿಷನ್. ಅದೂ ಸೋದರಮಾವನದು.

ಮಾವನ ಲೇತ್ ಅಂಗಡಿ ನಾವುಂದದಲ್ಲಿ, ಹೆದ್ದಾರಿಯ ಪಕ್ಕ. ಅವರು ಮುಂಬೈಯಲ್ಲಿ ಹದಿನೈದು ವರ್ಷ ದುಡಿದು, ಊರಿಗೆ ಬರುವಾಗ ಅಲ್ಲಿಂದಲೇ ಒಂದು ಮುದಿ ಲೇತನ್ನು ಲಾರಿಗೆ ಹೇರಿಕೊಂಡು ಬಂದಿದ್ದರು. ಅದರ ಜೊತೆಗೆ ಒಂದಷ್ಟು ಮುಂಬೈ ಮಾತುಗಳೂ ಬಂದಿದ್ದವು. ಬೋಲ್ಟಿನ ಮೇಲಿನ ಥ್ರೆಡ್ಡಿಗೆ ಅವರು ಇಂದಿಗೂ ‘ಚೂಡಿ’ ಎನ್ನುತ್ತಾರೆ. ಇಂಚಿಗೆ ಹದಿನಾರು ಸುತ್ತು ಬಂದರೆ ಅದು ‘ಸೋಳಾ ಚೂಡಿ’.

ನಾನು ಓದಿದ್ದು ಬಿ.ಕಾಂ. ಆದರೆ ಮನಸ್ಸು ಪೂರ್ತಿ ಆ ಲೇತಿನ ಮೇಲೆ. ಬಸ್ರೂರಿನ ನಮ್ಮ ಮನೆಯಿಂದ ಕುಂದಾಪುರಕ್ಕೆ ಬಂದು, ಸೈಬರಿನಲ್ಲಿ ಕೂತು ಲೇತಿನ ವಿಡಿಯೊ ನೋಡುತ್ತಿದ್ದೆ. ಐದು ನಿಮಿಷದ ವಿಡಿಯೊ ನೋಡಲು ಮುಕ್ಕಾಲು ಗಂಟೆ ಬೇಕು. ತೆರೆಯ ಮೇಲಿನ ಆ ಲೋಡಿಂಗ್ ಚಕ್ರ ತಿರುಗುತ್ತಾ ತಿರುಗುತ್ತಾ ನಿಲ್ಲುವುದನ್ನು ಕಾದೇ ನನ್ನ ಅರ್ಧ ವಿದ್ಯಾಭ್ಯಾಸ ಮುಗಿಯಿತು.

ಮಾವನ ಲೇತಿನಲ್ಲಿ ಥ್ರೆಡ್ ಹಾಕುವುದೆಂದರೆ ಒಂದು ಸಣ್ಣ ಹಬ್ಬ. ಕಬ್ಬಿಣದ ಸರಳು ಒಂದು ಸುತ್ತು ತಿರುಗಿದಾಗ ಕೊಯ್ಯುವ ಉಳಿ ಎಷ್ಟು ಮುಂದೆ ಸರಿಯಬೇಕು ಎನ್ನುವುದನ್ನು ಮಿಷನ್ನಿನ ಎಡತುದಿಯ ಬಿಡಿ ಗೇರುಗಳು ನಿರ್ಧರಿಸುತ್ತವೆ. ಪ್ರತಿ ಬೇರೆ ಥ್ರೆಡ್ಡಿಗೂ ಆ ಗೇರುಗಳನ್ನು ಬಿಚ್ಚಿ, ಗೋಡೆಯ ಮೊಳೆಯಲ್ಲಿ ನೇತುಹಾಕಿದ ಬೇರೆ ಗೇರುಗಳನ್ನು ತೆಗೆದು ಜೋಡಿಸಬೇಕು. ಲೆಕ್ಕವೆಲ್ಲ ಮಾವನ ತಲೆಯಲ್ಲಿ. ಗ್ರೀಸೆಲ್ಲ ಮೊಣಕೈವರೆಗೆ. ನಡುವೆ ಒಂದು ಎಲೆಯಡಿಕೆ ಹಾಕದಿದ್ದರೆ ಗೇರುಗಳು ಸರಿಯಾಗಿ ಕಚ್ಚುವುದಿಲ್ಲ ಎಂದು ಅವರ ನಂಬಿಕೆ.

ಗೇರ್ ಬಾಕ್ಸ್ ಇದ್ದರೆ ಇದೇನೂ ಬೇಡ. ಎರಡು ಹಿಡಿಕೆ ಸರಿಸಿದರೆ ಆಯಿತು. ಬ್ರಹ್ಮಾವರದ ಒಂದು ಗುಜರಿಯಲ್ಲಿ ಅಂಥದ್ದೊಂದು ಕಣ್ಣಿಗೆ ಬಿದ್ದ ದಿನವೇ ಸೈಕಲ್ ಅಲ್ಲಿ ಉಳಿಯಿತು, ನಾನು ಗೋಣಿಚೀಲ ಹೊತ್ತು ಬಸ್ಸು ಹತ್ತಿದೆ. ಸಾಸ್ತಾನ ಬರುವುದರೊಳಗೆ ಕಂಡಕ್ಟರ್ ಬಂದ.

“ಹ್ವಾಯ್, ಈ ಗೋಣಿ ಯಾರದ್? ಕಾಲ್ ಹಾಕುಕೂ ಜಾಗ ಇಲ್ಲೆ.”

“ನಂದೇ.”

“ಎಂತ ಇತ್ತ್ ಅದ್ರಾಗೆ?”

“ಗೇರ್ ಬಾಕ್ಸ್.”

ಅವನು ಡ್ರೈವರ್ ಕಡೆಗೆ ತಿರುಗಿ ಕೂಗಿದ: “ಮರಾಯ್ರೆ, ನಿಮ್ ಗೇರ್ ಬಾಕ್ಸ್ ಅಲ್ಲೇ ಇತ್ತಾ ಕಾಣಿ! ಇಲ್ಲೊಬ್ಬ ಗೋಣಿಯೊಳ್ಗೆ ಹಾಯ್ಕಂಡ್ ಕೂತಿದ!”

ಇಡೀ ಬಸ್ಸು ನಕ್ಕಿತು. ನಕ್ಕು ಮುಗಿಸಿ ಅವನು ಗೋಣಿಗೂ ಒಂದು ಟಿಕೆಟ್ ಹರಿದ.

ಅಂಗಡಿಯಲ್ಲಿ ಮಾವ ಮಾತ್ರ ನಗಲಿಲ್ಲ. ಗೋಣಿ ಬಿಡಿಸಿ, ತುಕ್ಕು ಕೆರೆದು, ಹಿಡಿಕೆ ಎರಡು ಸಲ ಆಡಿಸಿದರು.

“ಬಿ.ಕಾಂ. ಓದಿದ್ದ್ ಇದ್ಕಾ? ಸರಿ. ಕಾಣ್ ಮಾಣಿ, ಮಳೆಗಾಲದ ಮೀನ್ಗಾರ್ಕೆ ರಜೆ ಮುಗ್ದ್ ಬೋಟ್ ನೀರಿಗ್ ಇಳಿಯುದ್ರೊಳ್ಗೆ ಇದ್ ಸಮಾ ಕೆಲ್ಸ ಮಾಡ್ಕ್. ಇಲ್ದಿರೆ ನಿನ್ ಪೆಟ್ಗಿ ಗುಜ್ರಿಗೆ ವಾಪಸ್. ಮತ್ತೆ ನೀನ್ ನನ್ ಲೇತ್ ಮುಟ್ಟುಕಿಲ್ಲೆ.”

ಪೆಟ್ಟಿಗೆ ಹೋದರೆ ಹೋಗಲಿ, ಲೇತ್ ಮುಟ್ಟುವ ಹಾಗಿಲ್ಲ ಅಂದರೆ ನಾನು ಬ್ಯಾಂಕ್ ಪರೀಕ್ಷೆಗೆ ಓದಬೇಕಾಗುತ್ತಿತ್ತು. ಅಮ್ಮ ಅದರ ಪುಸ್ತಕ ಆಗಲೇ ತಂದಿಟ್ಟಿದ್ದರು.

ಮೂರು ವಾರ ಕೆಲಸ. ಪೆಟ್ಟಿಗೆಯ ತೂತುಗಳಿಗೂ ಲೇತಿನ ತೂತುಗಳಿಗೂ ಯಾವ ಸಂಬಂಧವೂ ಇರಲಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ಹಲಗೆ ಇಟ್ಟು ಎರಡನ್ನೂ ಒಪ್ಪಿಸಿದೆ. ಮಿಷನ್ನಿನ ಉದ್ದಕ್ಕೂ ಓಡುವ, ಉಳಿಯನ್ನು ಎಳೆಯುವ ದೊಡ್ಡ ಸ್ಕ್ರೂವನ್ನು ಪೆಟ್ಟಿಗೆಗೆ ಜೋಡಿಸಿದೆ. ಚಾಲೂ ಮಾಡಿದರೆ ಎಡಕ್ಕೆ ಬರಬೇಕಾದ ಉಳಿ ಗಂಭೀರವಾಗಿ ಬಲಕ್ಕೆ ಹೊರಟಿತು.

“ಹಿಂದಕ್ಕ್ ಹೋಪುಕೆ ಮೂರ್ ವಾರ ಬೇಕಾಯ್ತ್ ಕಾಣ್,” ಎಂದರು ಮಾವ.

ನಡುವೆ ಇನ್ನೊಂದು ಗೇರ್ ಸೇರಿಸಿದ ಮೇಲೆ ದಿಕ್ಕು ಸರಿಯಾಯಿತು. ಅಷ್ಟರಲ್ಲಿ ಮಳೆಯೂ ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ಬೋಟಿನವರೊಬ್ಬರು ಹೊಸ ಶಾಫ್ಟ್ ಮತ್ತು ಹಳೆಯ ನಟ್ಟು ಹಿಡಿದು ಬಂದರು. ಮಾವನ ಹಳೆಯ ಗಿರಾಕಿ. “ನಾಡ್ದ್ ಬೋಟ್ ಇಳ್ಸುದ್. ಬಾರಾ ಚೂಡಿ, ಈ ನಟ್ಟಿಗೆ ಸಮಾ ಕೂರ್ಕ್,” ಎಂದು ಇಂಚಿಗೆ ಹನ್ನೆರಡು ಸುತ್ತು ಕೇಳಿ ಸ್ಟೂಲಿನ ಮೇಲೆ ಕೂತೇಬಿಟ್ಟರು.

ಮಾವ ನನಗೊಂದು ಬೇಡದ ಸರಳು ಕೊಟ್ಟರು. “ಮೊದ್ಲ್ ಇದ್ರ ಮೇಲೆ ತೋರ್ಸ್ ನಿನ್ ಪೆಟ್ಗಿ ಕಲೆ.”

ಪೆಟ್ಟಿಗೆಯ ಮೇಲೆ ಹಿತ್ತಾಳೆಯ ಫಲಕವಿತ್ತು, ಅದರ ತುಂಬ ಮಿಲಿಮೀಟರ್ ಲೆಕ್ಕ. ಸರಿ ನೋಡಲೆಂದು ನಾನು ಕುಂದಾಪುರದಿಂದ, ಥ್ರೆಡ್ಡಿನ ಸುತ್ತಿನಿಂದ ಸುತ್ತಿಗೆ ಒಂದೂವರೆ ಮಿಲಿಮೀಟರ್ ಇರುವ ನಟ್ಟೊಂದನ್ನು ತಂದಿಟ್ಟುಕೊಂಡಿದ್ದೆ. ಹಿಡಿಕೆಯನ್ನು ಒಂದೂವರೆಗೆ ಸರಿಸಿ ಥ್ರೆಡ್ ಹಾಕಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಟ್ಟು ಹಾಕಿದೆ. ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಮತ್ತೆ ಬಿಚ್ಚಿ ಹಾಕಿದೆ. ಮತ್ತೆ ಎರಡೇ ಸುತ್ತು.

ಸ್ಟೂಲಿನಿಂದ ದನಿ ಬಂತು: “ಎಂತ, ನಟ್ಟಿಗೆ ಉಪ್ವಾಸ್ವಾ ಇವತ್ತ್? ಎರಡ್ ತುತ್ತ್ ತಿಂದ್ ಸಾಕ್ ಅಂತಿತ್ತಲೆ!”

ಮಾವ ಸ್ಪ್ಯಾನರ್ ತೆಗೆದುಕೊಂಡು ಪೆಟ್ಟಿಗೆಯ ಮೊದಲ ಬೋಲ್ಟು ಸಡಿಲಿಸಿದರು. ನನ್ನ ಕಣ್ಣೆದುರು ಬ್ಯಾಂಕ್ ಪರೀಕ್ಷೆಯ ಪುಸ್ತಕ ಹಾಳೆ ಹಾಳೆಯಾಗಿ ತೆರೆದುಕೊಂಡಿತು.

“ಮಾವ, ಎಷ್ಟ್ ತಪ್ಪಿತ್ ಅಂತಾದ್ರೂ ಕಾಣಿ.”

ಎಷ್ಟು ತಪ್ಪಿದೆ ಎಂದು ಅಳೆಯದೆ ಬಿಡುವುದು ಅವರ ಜಾಯಮಾನವಲ್ಲ. ಜೇಬಿನಿಂದ ಥ್ರೆಡ್ ಗೇಜ್ ತೆಗೆದರು. ಚಾಕುವಿನ ಹಾಗೆ ಮಡಚಿದ ಉಕ್ಕಿನ ಎಲೆಗಳು, ಒಂದೊಂದಕ್ಕೂ ಬಾಚಣಿಗೆಯಂಥ ಬೇರೆ ಬೇರೆ ಹಲ್ಲು. ಎಲ್ಲವೂ ಇಂಚಿನ ಲೆಕ್ಕದವು. ಮಿಲಿಮೀಟರನ್ನು ಅವರು ಅಂಗಡಿಯೊಳಗೆ ಬಿಟ್ಟುಕೊಂಡವರೇ ಅಲ್ಲ. ಒಂದೊಂದೇ ಎಲೆ ಇಟ್ಟು, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ನಾಲ್ಕನೆಯದರ ಹಲ್ಲು ಸಂದಿಲ್ಲದೆ ಕೂತಿತು.

“ಬೆಳ್ಕೇ ಕಾಂತಿಲ್ಲೆ! ಇದ್ ಸೋಳಾ ಚೂಡಿ.”

“ಅಲ್ಲ ಮಾವ, ಒಂದೂವರೆ ಮಿಲಿಮೀಟರ್.”

“ನಿನ್ ಮಿಲಿಮೀಟರ್ ಬಸ್ಸಿಂದ್ಲೇ ಇಳ್ದ್ ಹೋಯ್ತ್. ನಮ್ ಉದ್ದ ಸ್ಕ್ರೂ ಎಷ್ಟ್ ಚೂಡಿ?”

“...ಗೊತ್ತಿಲ್ಲೆ.”

“ಇಂಚಿಗ್ ನಾಕ್! ಮೂರ್ ವಾರ ಅದ್ರ ಎದ್ರಿಗೇ ಕೂಕಂಡಿದ್ದಿ. ಎಣ್ಸ್ಲಿಲ್ಯಾ?”

ಎಣಿಸಿರಲಿಲ್ಲ. ತೂತು ಅಳೆದಿದ್ದೆ, ಹಲ್ಲು ಎಣಿಸಿದ್ದೆ, ಬೋಲ್ಟಿಗೆ ಬಣ್ಣ ಕೂಡ ಹೊಡೆದಿದ್ದೆ. ಪೆಟ್ಟಿಗೆ ಮಾತ್ರ ಸುತ್ತಿಗೆ ಆರು ಮಿಲಿಮೀಟರ್ ಸರಿಯುವ ಸ್ಕ್ರೂ ಇರುವ ಬೇರೆ ಲೇತಿಗೆ ಹುಟ್ಟಿದ್ದು. ನಮ್ಮದು ಇಂಚಿಗೆ ನಾಲ್ಕು, ಅಂದರೆ ಆರಕ್ಕಿಂತ ತುಸು ಹೆಚ್ಚು. ಹಾಗಾಗಿ ಫಲಕದ ಮೇಲಿನ ಒಂದು ಅಂಕಿಯೂ ನಮ್ಮಲ್ಲಿ ನಿಜವಲ್ಲ. ಆದರೆ ಒಂದೂವರೆ ಎಂದರೆ ಪೆಟ್ಟಿಗೆಗೆ ಆರರ ಕಾಲು ಭಾಗ; ಹಾಗೆ ಕಾಲಾದಾಗ ನಮ್ಮ ಇಂಚಿಗೆ ನಾಲ್ಕು ಸರಿಯಾಗಿ ಹದಿನಾರೇ ಆಗುತ್ತಿತ್ತು. ಕೊನೆಗೂ ಬಿ.ಕಾಂ. ಕೆಲಸಕ್ಕೆ ಬಂತು. ಸೀಮೆಸುಣ್ಣ ಹಿಡಿದು ನೆಲದ ಮೇಲೇ ಬರೆದೆ. ಆರು ನಾಲ್ಕಲೆ ಇಪ್ಪತ್ನಾಲ್ಕು; ಅದನ್ನು ಫಲಕದ ಅಂಕಿಯಿಂದ ಭಾಗಿಸಿದರೆ ಚೂಡಿ ಸಿಗುತ್ತದೆ. ಒಂದೂವರೆಗೆ ಹದಿನಾರು. ಮೂರಕ್ಕೆ ಎಂಟು. ಎರಡಕ್ಕೆ...

“ಬಾರಾ!” ಎಂದು ಬೋಟಿನವರೇ ಕೂಗಿದರು.

ಮಾವ ಅವಸರ ಮಾಡಲಿಲ್ಲ. ಇನ್ನೊಂದು ಸರಳು ಕೊಟ್ಟರು. ಹಿಡಿಕೆ ಎರಡಕ್ಕೆ ಸರಿಸಿ ಥ್ರೆಡ್ ಹಾಕಿದೆ. ಹನ್ನೆರಡರ ಎಲೆ ಬೆಳಕು ಬಿಡದೆ ಕೂತಿತು. ಆಮೇಲೆ ಮಾವ ಬೋಟಿನವರ ಮುಖ ನೋಡಿದರು. ಶಾಫ್ಟ್ ಕೆಟ್ಟರೆ ಅವರ ಬೋಟು ದಡದಲ್ಲೇ. ಬೋಟಿನವರು ಅದನ್ನು ನನ್ನ ಕೈಗೇ ಕೊಟ್ಟರು.

ಆ ಹತ್ತು ನಿಮಿಷ ಮಾವ ಎಲೆಯಡಿಕೆ ಹಾಕಲಿಲ್ಲ. ಮುಗಿದಾಗ ಬೋಟಿನವರು ತಮ್ಮ ನಟ್ಟನ್ನು ತಾವೇ ಹಚ್ಚಿ ಬೆರಳಿನಲ್ಲಿ ತಿರುಗಿಸಿದರು. ಬುಡದವರೆಗೂ ಹೋಯಿತು.

“ಈಗ್ಳ್ ಹಶು ಆಯ್ತ್ ಕಾಣಿ ಇದ್ಕೆ, ಉಪ್ವಾಸ ಬಿಟ್ತ್!”

ಮಾವ ಸ್ಪ್ಯಾನರ್ ತೆಗೆದುಕೊಂಡು, ಸಡಿಲಿಸಿದ್ದ ಬೋಲ್ಟನ್ನು ಮತ್ತೆ ಬಿಗಿ ಮಾಡಿದರು. ಶಹಭಾಸ್ ಅನ್ನುವ ಅಭ್ಯಾಸ ಅವರಿಗಿಲ್ಲ.

ಬಿಡಿ ಗೇರುಗಳು ಮೊಳೆಯಲ್ಲಿ ಇನ್ನೂ ನೇತಾಡುತ್ತಿವೆ. ಹತ್ತು ಚೂಡಿ, ಹನ್ನೊಂದು ಚೂಡಿ ಬಂದರೆ ಪೆಟ್ಟಿಗೆ ಕೈ ಎತ್ತುತ್ತದೆ; ಆಗ ಮಾವ ಖುಷಿಯಿಂದ ಎಲೆಯಡಿಕೆಯ ಡಬ್ಬಿ ತೆರೆಯುತ್ತಾರೆ. ಹಿತ್ತಾಳೆಯ ಫಲಕವನ್ನು ತೆಗೆಯಲು ನಾನು ಹೋದರೆ ಬಿಡುವುದಿಲ್ಲ. ಹೊಸ ಗಿರಾಕಿ ಯಾರಾದರೂ ಅದನ್ನು ಓದಿ, “ಇದೆಂತ, ಎರಡ್ ಅಂತಿತ್, ಹನ್ನೆರಡ್ ಕೊಯ್ತಿತ್?” ಎಂದು ಕೇಳುವುದನ್ನೇ ಕಾಯುತ್ತಾರೆ.

“ಈ ಪೆಟ್ಗಿ ಹೇಳುದ್ ಸುಳ್ಳ್, ಮಾಡುದ್ ಸಮಾ,” ಎನ್ನುತ್ತಾರೆ. ಆಮೇಲೆ ನನ್ನ ಕಡೆ ಗದ್ದ ಎತ್ತುತ್ತಾರೆ. “ತಂದವ ಮಾತ್ರ ಉಲ್ಟಾ.”