ಮುಡುಪಿನಲ್ಲಿ ಮೂರು ಪಾಸ್‌ಪೋರ್ಟು

ನಮ್ಮ ಮನೆಯ ದೇವರ ಗೂಡಿನಲ್ಲಿ, ವಿಭೂತಿಯ ಡಬ್ಬಿಗೂ ಕರ್ಪೂರದ ತಟ್ಟೆಗೂ ನಡುವೆ, ಅರಿಶಿನದ ನೀರಿನಲ್ಲಿ ಅದ್ದಿದ ಬಟ್ಟೆಯ ಪುಟ್ಟ ಗಂಟೊಂದು ಸದಾ ಕುಳಿತಿರುತ್ತದೆ. ಒಳಗೆ ಒಂದು ನಾಣ್ಯ, ನಾಣ್ಯದ ಜೊತೆ ಒಂದು ಕೋರಿಕೆ. ಮುಡುಪು ಎನ್ನುತ್ತೇವೆ, ನಿಮ್ಮ ಮನೆಯಲ್ಲೂ ಇದ್ದೀತು. ಮನೆಯಲ್ಲಿ ಯಾರಿಗೆ ಜ್ವರ ಬರಲಿ, ಯಾರ ಪರೀಕ್ಷೆ ಹತ್ತಿರವಾಗಲಿ, ಅಮ್ಮ ಬಟ್ಟೆ ಅದ್ದಿ, ನಾಣ್ಯವಿಟ್ಟು, ಗಂಟು ಬಿಗಿಯುತ್ತಾಳೆ. ಇದಕ್ಕಿರುವ ನಿಯಮ ಒಂದೇ: ಕೋರಿದ್ದು ಕೈಗೂಡಿ, ಕುಲದೇವತೆಯ ಗುಡಿಯ ಮುಂದೆ ನಿಲ್ಲುವ ತನಕ ಆ ಗಂಟನ್ನು ಯಾರೂ ಬಿಚ್ಚುವಂತಿಲ್ಲ. ಗಂಟು ಬಿದ್ದ ಗಳಿಗೆಗೆ ಅಮ್ಮನ ಚಿಂತೆ ಮುಗಿಯುತ್ತದೆ. ನನ್ನದು ಅಲ್ಲಿಂದ ಶುರು: ಗಂಟು ಸರಿಯಾಗಿ ಬಿದ್ದಿದೆಯೋ ಇಲ್ಲವೋ.

ಚಿಂತೆ ನನಗೆ ಹವ್ಯಾಸವಲ್ಲ, ವೃತ್ತಿ. ಸೇಲಂನ ಒಂದು ಕೈಮಗ್ಗದ ಸಂಘದಲ್ಲಿ, ನೇಯ್ದು ಬಂದ ರೇಷ್ಮೆ ಸೀರೆಗಳನ್ನು ಬೆಳಕಿಗೆ ಹಿಡಿದು ತಪ್ಪು ನೋಡುವುದು ನನ್ನ ಕೆಲಸ. ತಪ್ಪಿದ ಎಳೆ, ಜಾರಿದ ಹೂವು, ಮಾಸಿದ ಜರಿ ಇವುಗಳನ್ನು ಹುಡುಕಿ ಹುಡುಕಿ, ಐವತ್ತೆರಡರ ಈ ವಯಸ್ಸಿನಲ್ಲಿ, ತಪ್ಪು ಸಿಗದ ದಿನವೇ ಏನೋ ತಪ್ಪಿದೆ ಎಂಬ ಅನುಮಾನ ಬರುವಷ್ಟು ಪಳಗಿದ್ದೇನೆ. ಹೀಗಿರುವವನನ್ನು ಕಟ್ಟಿಕೊಂಡ ತಪ್ಪಿಗೆ ನನ್ನ ಹೆಂಡತಿ ಸರೋಜ ಇಪ್ಪತ್ತೈದು ವರ್ಷ ಎಲ್ಲಿಗೂ ಹೋಗಿರಲಿಲ್ಲ. ರೈಲಿನ ಸೀಟು ಕಾಯ್ದಿರಿಸಿದ ಮೇಲೆ ಮೋಡ ನೋಡಿ ರದ್ದು ಮಾಡಿಸುವ ಗಂಡ ನಾನು. ಮದುವೆಯ ಬೆಳ್ಳಿಹಬ್ಬಕ್ಕೆ ಅವಳು ನನ್ನನ್ನು ಕೇಳಲೇ ಇಲ್ಲ. ಚೆನ್ನೈನಿಂದ ಹೊರಟು ಲಂಕೆ ಮುಟ್ಟಿ ಮರಳುವ ಹಡಗಿನಲ್ಲಿ ಇಬ್ಬರಿಗೂ ಜಾಗ ಹಿಡಿದು, ಊಟ ಬಡಿಸುತ್ತಾ ಸುದ್ದಿ ಹೇಳಿದಳು. ಬಾಯಲ್ಲಿ ತುತ್ತಿದ್ದ ಕಾರಣ ನನಗೆ ಬಾಯಿ ಬರಲಿಲ್ಲ. ಬಾಯಿ ಬಂದದ್ದು ಅಮ್ಮನಿಗೆ.

"ಕಪ್ಪಲಾ? ನಾನೂ ಬತ್ತೀನಿ. ಒಗೆ ನೋಡ್ಬೇಕು."

ನಮ್ಮ ಸೇಲಂ ಕನ್ನಡದಲ್ಲಿ ಕಪ್ಪಲು ಎಂದರೆ ಹಡಗು, ಒಗೆ ಎಂದರೆ ಹೊಗೆ. ಈ ಹೊಗೆಯ ಕಥೆಯನ್ನು ನಿಮಗೆ ಹೇಳಲೇಬೇಕು. ಅಮ್ಮನಿಗೀಗ ಎಪ್ಪತ್ತನಾಲ್ಕು. ನಲವತ್ತೈದು ವರ್ಷ ಕುಳಿಮಗ್ಗದಲ್ಲಿ ಕಾಲಿಳಿಸಿ ಕೂತವಳು. ಹರೆಯದಲ್ಲಿ ಒಮ್ಮೆ ಸೆರಗಿನ ತುಂಬ ಹಡಗುಗಳಿರುವ ಸೀರೆಯೊಂದು ನೇಯಲು ಅವಳ ಪಾಲಿಗೆ ಬಂದಿತ್ತು. ಹಡಗನ್ನು ಅವಳು ಕಂಡವಳಲ್ಲ, ಕಡಲನ್ನೂ ಕಂಡವಳಲ್ಲ. ಆದರೂ ಒಂದೊಂದು ಹಡಗಿನ ಕೊಳವೆಯಿಂದಲೂ ಬೆಳ್ಳಿ ಎಳೆಯ ಹೊಗೆ ಎಬ್ಬಿಸಿ, ಅದನ್ನು ಹಡಗು ಹೋಗುವ ದಿಕ್ಕಿಗೇ, ಮುಂದಕ್ಕೆ, ಹಾರಿಸಿದ್ದಳು. ತಪ್ಪು ನೋಡಲು ಬಂದ ಅಂದಿನ ಮೇಸ್ತ್ರಿ, ಓಡುವ ಹಡಗಿನ ಹೊಗೆ ಹಿಂದಕ್ಕಲ್ಲವೇ ಹೋಗುವುದು ಎಂದು ನಕ್ಕು, ಬಿಚ್ಚಿಸಿದರಂತೆ. ಹಿಂದಿನಿಂದ ಗಾಳಿ ಬೀಸಿದರೆ ಎಂದು ಅಮ್ಮ ಕೇಳಿದ್ದಕ್ಕೆ ಅವರು ಮುಂದಿನ ಸೀರೆಗೆ ಕೈ ಹಾಕಿದರು. ಮೇಸ್ತ್ರಿಯೂ ಹಡಗು ಕಂಡವರಲ್ಲ. ಮೂರು ಗೇಣು ಸೆರಗನ್ನು ಎಳೆ ಎಳೆಯಾಗಿ ಬಿಚ್ಚಿ ಮತ್ತೆ ನೇಯ್ದ ಅಮ್ಮ ಆ ಮಾತನ್ನು ಇಂದಿಗೂ ಬಿಟ್ಟಿಲ್ಲ. ಆ ಮೇಸ್ತ್ರಿ ಕೂರುತ್ತಿದ್ದ ಕುರ್ಚಿಯಲ್ಲೇ ಈಗ ನಾನು ಕೂರುತ್ತೇನೆಂಬುದನ್ನಂತೂ ಬಿಡುವುದೇ ಇಲ್ಲ.

ಹಾಗಾಗಿ ಮೂವರಾದೆವು, ಟಿಕೆಟು ತೆಗೆಸಿಕೊಟ್ಟ ಏಜೆಂಟು ನಮ್ಮ ಕೈಗೊಂದು ಪಟ್ಟಿ ಕೊಟ್ಟ. ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿರುವ ಪಾಸ್‌ಪೋರ್ಟು, ಲಂಕೆಯ ಪ್ರವೇಶಕ್ಕೆ ಅನುಮತಿ, ವಿಮೆ, ವಯಸ್ಸಾದವರಿಗೆ ಡಾಕ್ಟರ ಚೀಟಿ, ಹತ್ತುವ ಮುನ್ನ ತುಂಬಬೇಕಾದ ಆರೋಗ್ಯದ ಫಾರಂ. ಚಿಂತೆಗೆ ಇಷ್ಟು ಅಚ್ಚುಕಟ್ಟಾದ ದಿನಸಿಪಟ್ಟಿಯನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಎಲ್ಲ ಕಾಗದಗಳ ನೆರಳಚ್ಚುಗಳನ್ನು ತೆಗೆಸಿದೆ, ನೆರಳಚ್ಚು ಕಳೆದುಹೋದರೆ ಎಂದು ನೆರಳಚ್ಚಿನ ನೆರಳಚ್ಚು ತೆಗೆಸಿದೆ. ಪಟ್ಟಿಯ ಕೊನೆಯ ಸಾಲೊಂದು, ಹಳದಿ ಜ್ವರವಿರುವ ದೇಶಗಳಿಂದ ಬರುವವರು ಲಸಿಕೆ ಹಾಕಿಸಿಕೊಂಡ ಕಾರ್ಡು ತರಬೇಕು ಎಂದಿತ್ತು. ಹಿಂದಿನ ವಾರ ತಾನೆ ತಂಗಿಯ ಮನೆಗೆಂದು ಮಾರಂಡಹಳ್ಳಿಗೆ ಹೋಗಿ ರಾಗಿ ಹೊತ್ತುಕೊಂಡು ಬಂದಿದ್ದೆ. ಅದು ಧರ್ಮಪುರಿ ಜಿಲ್ಲೆ, ನಮ್ಮದಲ್ಲ. ಯಾವುದಕ್ಕೂ ಇರಲಿ ಎಂದು ಏಜೆಂಟನಿಗೆ ಫೋನು ಮಾಡಿದೆ. ಮೂರನೆಯ ಸಲಕ್ಕೆ ಅವನು, "ಸಾರ್, ನೀಂಗ ಆಫ್ರಿಕಾವಾ, ಸೇಲಮಾ?" ಎಂದು ಕೇಳಿ, ನಾನು ಉತ್ತರ ಯೋಚಿಸುವುದರೊಳಗೆ ಫೋನಿಟ್ಟ.

ಅಮ್ಮನ ಪಾಸ್‌ಪೋರ್ಟು ಹೊಸದಾಗಿ ಆಗಬೇಕಿತ್ತು. ಕಚೇರಿಯ ಯಂತ್ರದ ಗಾಜಿನ ಮೇಲೆ ಅವಳು ಬೆರಳಿಟ್ಟರೆ ಯಂತ್ರಕ್ಕೆ ಏನೂ ಕಾಣಲಿಲ್ಲ. ನೂಲು ಉಜ್ಜಿ ಉಜ್ಜಿ ಬೆರಳ ಗೆರೆಗಳು ಎಂದೋ ಸವೆದುಹೋಗಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ ಹಿಡಿದು, ಅಲ್ಲಿದ್ದವರು ಮತ್ತೆ ಮತ್ತೆ ಯತ್ನಿಸುವಾಗ ಅಮ್ಮ ಸಮಾಧಾನವಾಗಿ ಹೇಳಿದಳು: "ಗೆರೆ ಎಲ್ಲಾ ಸೀರೆಗ್ ಕೊಟ್ಟುಟ್ಟಿದೀನಿ ಸಾಮಿ. ಉಟ್ಕೊಂಡೋರ್ನ ಕೇಳಿ." ಅವರಿಗೆ ಕನ್ನಡ ತಿಳಿಯಲಿಲ್ಲ, ನಾನು ತಮಿಳಿಗೆ ತಿರುಗಿಸಲಿಲ್ಲ. ನಾಲ್ಕನೆಯ ಸಲ ಏನೋ ಮಸುಕಾಗಿ ಮೂಡಿತು. ಡಾಕ್ಟರ ಚೀಟಿಗೆ ಹೋದಾಗ ಅಮ್ಮನ ರಕ್ತದೊತ್ತಡ ಹರೆಯದ ಹುಡುಗಿಯದರಂತಿತ್ತು. ಜೊತೆಯಲ್ಲಿ ಬಂದವನೆಂಬ ದಾಕ್ಷಿಣ್ಯಕ್ಕೆ ಡಾಕ್ಟರು ನನ್ನ ತೋಳಿಗೂ ಪಟ್ಟಿ ಸುತ್ತಿ, ಅಂಕಿಯನ್ನು ಎರಡು ಸಲ ನೋಡಿ, "ಚೀಟಿ ಬೇಕಾಗಿರೋದು ಅಮ್ಮನಿಗೆ ಮಾತ್ರ ಅಲ್ವಾ? ಒಳ್ಳೇದಾಯ್ತು" ಎಂದರು.

ಹೊರಡಲು ಐದು ದಿನವಿರುವಾಗ, ದಿನದ ವಾಡಿಕೆಯಂತೆ ಪಾಸ್‌ಪೋರ್ಟುಗಳ ಅವಧಿ ನೋಡೋಣವೆಂದು ಬೀರು ತೆಗೆದೆ. ಅವಧಿ ಹಾಗಿರಲಿ, ಪಾಸ್‌ಪೋರ್ಟುಗಳೇ ಇರಲಿಲ್ಲ. ನನ್ನ ಕೂಗಿಗೆ ಅಮ್ಮ ದೇವರ ಗೂಡಿನತ್ತ ಬೆರಳು ತೋರಿದಳು. ಎಂದಿನ ಪುಟ್ಟ ಗಂಟಿನ ಜಾಗದಲ್ಲಿ ಇಟ್ಟಿಗೆಯಷ್ಟು ದಪ್ಪನೆಯ ಹಳದಿ ಗಂಟೊಂದು ಕುಳಿತಿತ್ತು. ಇನ್ನೂ ಪೂರ್ತಿ ಒಣಗಿರಲಿಲ್ಲ.

"ದಿನಾ ಬೀರು ತಗಿಯೋದು, ಮುಚ್ಚೋದು, ತಗಿಯೋದು. ನೋಡಕ್ ಆಗ್ಲಿಲ್ಲ ಕಣ್ಲಾ. ಮೂರ್ನೂ ದೇವ್ರ ಕೈಗ್ ಕೊಟ್ಟುಟ್ಟೆ. ಸುಖವಾಗಿ ಓಗಿ ಬಂದು ಗುಡೀಲಿ ಬಿಚ್ಚಾನ."

"ಅಮ್ಮಾ, ಅದಿಲ್ಲದೆ ಹಡಗೇ ಹತ್ತಿಸಲ್ಲ!"

"ಅದ್ನ ಬಿಚ್ಚುದ್ರೆ ಕಪ್ಪಲು ದಡ ಸೇರಲ್ಲ."

ನೀವೇ ಹೇಳಿ, ಇಂಥ ಗಂಟಿಗೆ ಯಾವ ಕಚೇರಿಯಲ್ಲಿ ಅರ್ಜಿ ಹಾಕುವುದು? ಪ್ರಯಾಣ ಮುಗಿಯದೆ ಗಂಟು ಬಿಚ್ಚುವಂತಿಲ್ಲ, ಗಂಟು ಬಿಚ್ಚದೆ ಪ್ರಯಾಣ ಶುರುವಾಗುವಂತಿಲ್ಲ. ಗಂಟಿನ ಸಮೇತ ಒಯ್ಯೋಣ, ಬೇಕಾದವರು ಬಿಚ್ಚಿ ನೋಡಿಕೊಳ್ಳಲಿ, ಪಾಪ ಅವರಿಗೆ ಬರಲಿ ಎಂಬುದು ಅಮ್ಮನ ಮೊದಲ ಸಲಹೆ. ಅಧಿಕಾರಿಯ ಮುಂದೆ ಹಳದಿ ಗಂಟಿಟ್ಟು ಕೈಕಟ್ಟಿ ನಿಂತ ನನ್ನನ್ನು ನಾನೇ ಕಲ್ಪಿಸಿಕೊಂಡು ಬೆವತೆ. ಎರಡು ದಿನ ದೇವರ ಗೂಡಿನ ಮುಂದೆಯೇ ಸುಳಿದಾಡಿದೆ. ಮೂರನೆಯ ದಿನ ಸರೋಜ ಅತ್ತೆಯ ಎದುರು ಕೂತು ಮೆಲ್ಲಗೆ ಹೇಳಿದಳು: "ಓಗ್ಲಿ ಬುಡಿ ಅತ್ತೆ. ಒಗೆ ಇಂದುಕ್ಕೇ ಓಗ್ತದೆ ಅಂತ ಇಟ್ಕೊಳಾನ. ಮೇಸ್ತ್ರಿ ಏಳಿದ್ದೇ ಸರಿ."

ಅಮ್ಮ ಎದ್ದಳು. ಗಂಟನ್ನು ತಂದು ಮಡಿಲಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಬಟ್ಟೆಯ ಒಂದು ಮಗ್ಗುಲಿನ ಅಂಚನ್ನು ಹುಡುಕಿದಳು. "ಗಂಟು ಬಿಚ್ಚಬಾರ್ದು, ಅಷ್ಟೇ ಅಲ್ವಾ? ಬಟ್ಟೆ ಬಿಚ್ಚಬಾರ್ದು ಅಂತ ಯಾರೂ ಏಳಿಲ್ಲ." ಆಮೇಲೆ, ನೆರೆದ ನಮ್ಮಿಬ್ಬರ ಕಣ್ಣೆದುರಿಗೇ, ಅಂಚಿನಿಂದ ಹೊಕ್ಕಿನ ನೂಲನ್ನು, ಎಂದರೆ ಅಡ್ಡ ಎಳೆಗಳನ್ನು, ಒಂದೊಂದಾಗಿ ಎಳೆಯತೊಡಗಿದಳು. ಅಂದು ಹಡಗುಗಳನ್ನು ಬಿಚ್ಚಿದ ಅವೇ ಬೆರಳುಗಳು. ಯಂತ್ರಕ್ಕೆ ಕಾಣದ ಆ ಬೆರಳುಗಳಿಗೆ ಕೂದಲೆಳೆಯಂಥ ನೂಲೂ ಕಾಣುತ್ತಿತ್ತು. ಹೊಕ್ಕು ಹೋದಂತೆ ಹಾಸಿನ ಉದ್ದ ಎಳೆಗಳಷ್ಟೇ ಗಂಟಿಗೆ ಜೋತು ಉಳಿದವು, ಬಟ್ಟೆಯಾಗಿದ್ದದ್ದು ಜಾಲರಿಯಾಯಿತು, ಜಾಲರಿಯ ನಡುವಿನಿಂದ ಪಾಸ್‌ಪೋರ್ಟುಗಳು ಒಂದೊಂದಾಗಿ ಜಾರಿ ಹೊರಬಂದವು. ನಾಣ್ಯ ಒಳಗೇ ಉಳಿಯಿತು, ಗಂಟು ಮಿಸುಕಲಿಲ್ಲ. ಮೂವತ್ತು ವರ್ಷ ತಪ್ಪು ನೋಡಿದ ನನಗೆ ಆ ತರ್ಕದಲ್ಲಿ ಒಂದೇ ಒಂದು ಎಳೆ ತಪ್ಪು ಕಾಣಲಿಲ್ಲ.

ತಪ್ಪು ಕಂಡದ್ದು ಪಾಸ್‌ಪೋರ್ಟಿನಲ್ಲಿ. ಮೇಲುಗಡೆ ಇದ್ದದ್ದು ಅಮ್ಮನದು. ಅದರ ಕೊನೆಯ ಪುಟದ ಮೇಲೆ, ಕಟ್ಟುವಾಗ ಒತ್ತಿದ್ದ ಅರಿಶಿನದ ಹೆಬ್ಬೆರಳ ಗುರುತು, ಸೂರ್ಯಕಾಂತಿಯ ಎಸಳಿನ ಹಾಗೆ. ಯಂತ್ರ ಬೇಡಿ ಬೇಡಿ ಪಡೆಯಲಾರದ್ದನ್ನು ಅಮ್ಮ ಕೇಳದೆಯೇ ಕೊಟ್ಟಿದ್ದಳು. ಏಜೆಂಟನನ್ನು ಕೇಳಿದರೆ, ಕಲೆಯಾದ ಪಾಸ್‌ಪೋರ್ಟನ್ನು ಒಪ್ಪುವುದೂ ಬಿಡುವುದೂ ಅಲ್ಲಿ ಕೂತವರ ಮನಸ್ಸು ಎಂದ. ಹೊಸದು ಮಾಡಿಸಲು ಸಮಯವಿರಲಿಲ್ಲ. ದೂರದ ಆಫ್ರಿಕಾದಿಂದ ಬರಬಹುದೆಂದು ನಾನು ಕಾಯುತ್ತಿದ್ದ ಹಳದಿ ನಮ್ಮ ಅಡುಗೆಮನೆಯ ಡಬ್ಬಿಯಿಂದ ಬಂದಿತ್ತು.

ಚೆನ್ನೈ ತಲುಪಿದ ಸಂಜೆ ಮೊಬೈಲಿನಲ್ಲಿ ಆರೋಗ್ಯದ ಫಾರಂ ತುಂಬಲು ಕೂತೆ. ಜ್ವರ? ಇಲ್ಲ. ಕೆಮ್ಮು? ಇಲ್ಲ. ಎರಡು ದಿನಗಳಿಂದ ವಾಂತಿ, ಭೇದಿ? ಇಲ್ಲಿ ನಾನು ತಡೆದೆ. ಪೆಟ್ಟಿಗೆ ಕಟ್ಟುವಾಗ ಒಮ್ಮೆ, ಬಂದರಿನ ಫಲಕ ಕಂಡಾಗ ಒಮ್ಮೆ, ಹೊಟ್ಟೆ ಕೈಕೊಟ್ಟಿದ್ದು ನಿಜ. "ಅದು ಭಯದ್ದು ಕಣ್ರೀ, ರೋಗದ್ದಲ್ಲ. ಇಲ್ಲಾ ಅಂತ ಒತ್ತಿ" ಎಂದಳು ಸರೋಜ. ಆದರೆ ಫಾರಮಿನಲ್ಲಿ ಭಯಕ್ಕೆ ಬೇರೆ ಚೌಕವಿರಲಿಲ್ಲ. ತಪ್ಪು ಕಂಡರೆ ಗುರುತು ಹಾಕದೆ ಬಿಟ್ಟು ನನಗೆ ಅಭ್ಯಾಸವಿಲ್ಲ. ಹೌದು ಎಂದು ಒತ್ತಿದೆ.

ಮರುದಿನ ಬಂದರಿನ ಕೌಂಟರಿನಲ್ಲಿ ಅಮ್ಮನ ಸರದಿ ಮೊದಲು ಬಂತು. ಪುಟ ಮಗುಚುತ್ತಾ ಹೋದ ಅಧಿಕಾರಿಣಿ ಕೊನೆಯ ಪುಟದಲ್ಲಿ ನಿಂತರು. ಕುಲದೇವತೆ, ಮುಡುಪು, ಹಾಸು, ಹೊಕ್ಕು ಎಂದು ನಾನು ಹಿಂದಿನಿಂದ ವಿವರಿಸಲು ಹೊರಟರೆ ಕೈಯೆತ್ತಿ ತಡೆದರು. ಪುಟವನ್ನು ಮೂಗಿನ ಬಳಿ ಹಿಡಿದರು. "ಮಂಜಳಾ, ಪಾಟ್ಟಿ?" ಅರಿಶಿನವೇನಜ್ಜಿ ಎಂಬ ಆ ಪ್ರಶ್ನೆಗೆ ಅಮ್ಮ, ತನ್ನ ಮನೆಯ ಅರಿಶಿನವನ್ನು ಯಾರೋ ಹೊಗಳಿದ ಹಾಗೆ, "ಆಮಾ ಕಣ್ಣು," ಹೌದು ಕಂದಾ, ಎಂದಳು. ಮುದ್ರೆ ಬಿತ್ತು. ಅಮ್ಮ ಒಳಗೆ. ಹಿಂದೆಯೇ ಸರೋಜಳೂ ಒಳಗೆ.

ನನ್ನನ್ನು ಮಾತ್ರ ಪಕ್ಕದ ಕುರ್ಚಿಗೆ ಕಳಿಸಿದರು. ಫಾರಮಿನ ಆ ಒಂದು ಹೌದನ್ನು ಓದಿದ ಹಡಗಿನ ಡಾಕ್ಟರು, ಎಳೆಯ ವಯಸ್ಸಿನ ಹೆಣ್ಣುಮಗಳು, ಮೂಗಿಗೆ ಮುಸುಕು ಕಟ್ಟಿಕೊಂಡು ಬಂದರು. ಭೇದಿ ಇರುವವರನ್ನು ಹತ್ತಿಸಿಕೊಂಡರೆ ಇಡೀ ಹಡಗಿಗೇ ಹರಡೀತು, ಹಾಗಾಗಿ ಬಿಡುವುದು ಕಷ್ಟ ಎಂದು ವಿನಯದಿಂದಲೇ ಹೇಳಿದರು. ಅಡ್ಡ ಕಟ್ಟಿದ ಹಗ್ಗದ ಆಚೆ ಅಮ್ಮ ನಿಂತಿದ್ದಳು. ಅವಳ ಬೆನ್ನ ಹಿಂದೆ, ಕಿಟಕಿಯ ತುಂಬ, ಬೆಳ್ಳಗೆ ಹಡಗು. "ಅವ್ನಿಲ್ದೆ ನಾನು ಅತ್ತಲ್ಲ" ಎಂದು ಅವಳು ಸರೋಜಳಿಗೆ ಹೇಳುವುದು ಕೇಳಿಸಿತು. ಆಗ ನನಗೆ ಮೊದಲ ಬಾರಿಗೆ ನಿಜವಾದ ಚಿಂತೆಯ ರುಚಿ ಹತ್ತಿತು. ಉಳಿದದ್ದೆಲ್ಲ ಅದರ ನೆರಳಚ್ಚು. ಐವತ್ತು ವರ್ಷ ಕಾದವಳನ್ನು ಕಡಲ ತನಕ ಕರೆತಂದು, ನನ್ನ ಪ್ರಾಮಾಣಿಕ ಹೊಟ್ಟೆಯಿಂದಾಗಿ ದಡದಿಂದಲೇ ತಿರುಗಿಸಿಕೊಂಡು ಹೋಗಬೇಕೇ?

ನನ್ನ ಪರವಾಗಿ ಹಗ್ಗದಾಚೆಯಿಂದ, ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ, ಮಗ್ಗದ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು ಎದ್ದಿತು.

"ಡಾಕ್ಟರಮ್ಮಾ! ಅದು ಕಾಯಿಲೆ ಅಲ್ಲಮ್ಮಾ! ಉಟ್ದಾಗ್ನಿಂದ ಅವ್ನಿಗ್ ಅಂಗೇಯಾ! ಪರೀಕ್ಷೆ ಅಂದ್ರೆ ಒಟ್ಟೆ ಕೆಡ್ತದೆ, ಮದುವೆ ದಿನಾನೂ ಕೆಟ್ಟಿತ್ತು, ಬೇಕಾರೆ ಇವ್ಳನ್ನೇ ಕೇಳಿ!"

ಸರೋಜ, ಇಪ್ಪತ್ತೈದು ವರ್ಷದ ದಾಂಪತ್ಯವನ್ನು ಸಾಕ್ಷಿಯಾಗಿಟ್ಟು, ಗಂಭೀರವಾಗಿ ತಲೆಯಾಡಿಸಿದಳು. ಡಾಕ್ಟರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಸಾಲಿನಲ್ಲಿದ್ದ ಯಾರೋ ತಮಿಳಿಗೆ ತಿರುಗಿಸಿಕೊಟ್ಟರು. ಸಾಲು ನಕ್ಕಿತು, ಮುಸುಕಿನ ಮೇಲಿನ ಕಣ್ಣುಗಳೂ ನಕ್ಕವು. ಎಷ್ಟು ಸಲ, ಯಾವಾಗ, ಜ್ವರವುಂಟೇ, ಮನೆಯಲ್ಲಿ ಬೇರೆ ಯಾರಿಗಾದರೂ ಎಂದೆಲ್ಲ ವಿಚಾರಿಸಿ, ಹೊಟ್ಟೆ ಒತ್ತಿ ನೋಡಿ, ಮತ್ತೆ ಆದರೆ ಮುಚ್ಚಿಡಬಾರದೆಂದು ಮಾತು ತೆಗೆದುಕೊಂಡು, ಉಪ್ಪುಸಕ್ಕರೆಯ ಪುಡಿಯ ಪೊಟ್ಟಣ ಕೈಗಿತ್ತು ನನ್ನನ್ನು ಬಿಟ್ಟರು. ಇಷ್ಟು ಮಂದಿಯ ಮುಂದೆ ಮರ್ಯಾದೆ ಹೋದಾಗಲೂ ಮನುಷ್ಯನಿಗೆ ಇಷ್ಟು ಹಗುರವೆನಿಸುತ್ತದೆಂದು ನನಗೆ ತಿಳಿದಿರಲಿಲ್ಲ. ಹೊಟ್ಟೆ ಆ ಕ್ಷಣದಿಂದ ತೆಪ್ಪಗಾಯಿತು.

ಎರಡನೆಯ ದಿನದ ಇಳಿಹೊತ್ತು ಮೂವರೂ ಹಡಗಿನ ಮೇಲಟ್ಟದಲ್ಲಿದ್ದೆವು. ಅಲ್ಲಿಯ ತನಕ ಹೊಗೆ, ನೇರವಾಗಿ ಹೇಳಬೇಕೆಂದರೆ, ಮೇಸ್ತ್ರಿಯ ಕಡೆಗಿತ್ತು: ಹಿಂದಕ್ಕೇ ಹೋಗುತ್ತಿತ್ತು. ಅಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಬಂದರು ಹತ್ತಿರವಾಗಿ ಹಡಗು ಓಟ ತಗ್ಗಿಸಿದ ಹಾಗೆ ಬೆನ್ನಿಗೆ ಗಾಳಿ ತಗುಲಿತು. ಅಮ್ಮನ ಸೆರಗು ಮುಂದಕ್ಕೆ ಹಾರಿತು. ಕೊಳವೆಯ ತುದಿಯ ತೆಳ್ಳನೆಯ ಹೊಗೆ ಒಂದು ಗಳಿಗೆ ಯೋಚಿಸಿ, ಮಗ್ಗುಲು ಬದಲಿಸಿ, ನಮ್ಮ ತಲೆಯ ಮೇಲಿಂದ ಹಾದು, ಹಡಗಿಗಿಂತ ಮುಂಚೆ ಲಂಕೆಯ ಕಡೆಗೆ ಹೊರಟಿತು.

ಅಮ್ಮ ಕುರ್ಚಿಯಿಂದ ಎದ್ದಳು. ಹೊಗೆಯತ್ತ ಬೆರಳು ತೋರಿ, "ಸರಿಯಾಗ್ ನೋಡ್ಕೊಳ್ಲಾ, ತಪ್ಪು ನೋಡೋನೇ" ಎಂದಳು. ನೋಡಿಕೊಂಡೆ. ಅಂದು ಬಿಚ್ಚಿಸಿದ ಸೆರಗಿಗೆ ಈಗ ನಾನು ಕೂರುವ ಆ ಕುರ್ಚಿಯ ಪರವಾಗಿ ಏನಾದರೂ ಹೇಳಬೇಕೆನಿಸಿತು. ಅವಳ ಹಾರುತ್ತಿದ್ದ ಸೆರಗನ್ನು ಹಿಡಿದು ಭುಜಕ್ಕೆ ಹೊದಿಸಿದೆ.

ಊರಿಗೆ ಬಂದು, ಗುಡಿಗೆ ಹೋಗಿ, ಗಂಟು ಬಿಚ್ಚಿ, ನಾಣ್ಯವನ್ನು ಹುಂಡಿಗೆ ಹಾಕಿದೆವು. ಈಗ ಸಂಘದಲ್ಲಿ ಸೀರೆಯೊಂದರಲ್ಲಿ ಏನಾದರೂ ಉಲ್ಟಾ ಕಂಡರೆ ಗುರುತು ಹಾಕುವ ಮುನ್ನ ನೇಯ್ದವರನ್ನು ಕರೆದು ಕೇಳುತ್ತೇನೆ, ಗಾಳಿ ಯಾವ ಕಡೆಯಿಂದ ಎಂದು. ನನಗೆ ತಲೆ ಕೆಟ್ಟಿದೆಯೆಂದು ಅವರು ತಿಳಿದಿದ್ದಾರೆ. ಪಾಸ್‌ಪೋರ್ಟುಗಳು ಬೀರುವಿನಲ್ಲಿವೆ, ಅಮ್ಮನದರ ಅವಧಿ ಮುಗಿಯಲು ಇನ್ನೂ ಒಂಬತ್ತು ವರ್ಷದ ಮೇಲಿದೆ, ವಾರಕ್ಕೊಮ್ಮೆ ನೋಡುತ್ತೇನೆ. ನೋಡುವ ನೆಪದಲ್ಲಿ ಕೊನೆಯ ಪುಟಕ್ಕೆ ಹೋಗಿ ಆ ಹಳದಿ ಹೆಬ್ಬೆರಳಿನ ಮೇಲೆ ನನ್ನ ಹೆಬ್ಬೆರಳಿಟ್ಟು ಬರುತ್ತೇನೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮೊನ್ನೆ ಹೀಗೇ ಬೀರು ಮುಚ್ಚಿ ತಿರುಗಿದರೆ, ದೇವರ ಗೂಡಿನಲ್ಲಿ ಮತ್ತೊಂದು ಗಂಟು. ಬಟ್ಟೆ ಅದೇ, ಒಂದು ಮಗ್ಗುಲು ಹೊಕ್ಕಿಲ್ಲದೆ ಜಾಲರಿಯಾಗಿ ಇಳಿಬಿದ್ದದ್ದು. ಇದು ಯಾವುದಕ್ಕಮ್ಮಾ ಎಂದು ಕೇಳಿದೆ.

"ನಿಂಗೆ. ಈ ಚಿಂತೆ ಮಾಡೋದು ಬುಟ್ಟೋಗ್ಲಿ ಅಂತ."

"ಹಾಗಾದರೆ ಯಾವಾಗ ಬಿಚ್ಚೋದು?"

ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ, ಬೆಳಕಿಗೆ ಹಿಡಿದ ಸೀರೆಯನ್ನು ನೋಡುವಂತೆ ನೋಡಿದಳು. "ಅದು ನಮ್ ಕಾಲ್ದಲ್ಲಿ ಬಿಚ್ಚೋ ಗಂಟಲ್ಲ, ಬುಡು" ಎಂದು ಅಡುಗೆಮನೆಗೆ ಹೋದಳು. ಅವಳು ಅತ್ತ ಹೋದ ಮೇಲೆ ಹತ್ತಿರ ಹೋಗಿ ಮುಟ್ಟಿ ನೋಡಿದೆ. ಗಂಟು ಸರಿಯಾಗಿಯೇ ಬಿದ್ದಿದೆ.