ಹೆಲ್ಮೆಟ್ಟಿನೊಳಗಿನ ಫೋನು

ಚಿನ್ನೂ, ಪುಟ್ಟೀ, ಅವ್ವ ಸ್ಕೂಟರ್ ಓಡಿಸುವಾಗ ಅವಳ ಫೋನು ನಿಮ್ಮ ಆಯಿಯಾದ ನನ್ನ ಕೈಯಲ್ಲೇ ಏಕೆ ಇರುತ್ತದೆ ಎಂದು ನೀವಿಬ್ಬರೂ ನಗುತ್ತೀರಿ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಊರ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡ ಮೇಲೆ ನಾನು ಹೈದರಾಬಾದಿಗೆ ಮಗನ ಮನೆಗೆ ಬಂದೆ. ಆಗಲೇ ನಿಮ್ಮ ಅವ್ವ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯವರ ಮನೆಗಳಿಗೆ ಮುಟ್ಟಿಸುತ್ತಿದ್ದಳು. ದಿಲ್‌ಸುಖ್‌ನಗರದಿಂದ ಹೊರಟರೆ ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಬುಟ್ಟಿ. ಯಾರಾದರೂ ಹಿಡಿದು ಕೂರದಿದ್ದರೆ ಕಡಕ್ ರೊಟ್ಟಿ ಗಿರಾಕಿಯ ಮನೆ ಮುಟ್ಟುವಷ್ಟರಲ್ಲಿ ನುಚ್ಚಾಗುತ್ತದೆ. ಆ ರಸ್ತೆ ನೋಡಲಾರದೆ ನಾನು ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದೆ.

ಪಲ್ಯ ಒಲೆಯ ಮೇಲಿಟ್ಟ ಕೂಡಲೇ ರೊಟ್ಟಿಯವಳಿಗೆ ಫೋನು ಮಾಡುವುದು ಗಿರಾಕಿಗಳ ರೂಢಿ. ಎಲ್ಲಿದ್ದೀರಿ, ನೆಂಟರು ಬಂದಿದ್ದಾರೆ, ಇನ್ನಷ್ಟು ಕೊಡಿ. ನಿಮ್ಮ ಅವ್ವ ಫೋನನ್ನು ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ತುರುಕಿಕೊಂಡು ಮಾತಾಡುತ್ತಲೇ ಗಾಡಿ ಓಡಿಸುತ್ತಿದ್ದಳು.

ಒಂದು ದಿನ ಪೊಲೀಸರ ಚಲನ್ ಫೋಟೋ ಸಮೇತ ಬಂತು. ಜಾರುವ ಫೋನನ್ನು ಅವಳು ಒಂದು ಕೈಯಿಂದ ಒತ್ತಿ ಹಿಡಿದಿದ್ದಾಳೆ. ಹಿಂದೆ ಬುಟ್ಟಿ ತಬ್ಬಿಕೊಂಡ ನಾನು.

"ಅತ್ತೀ, ನೀವು ಧ್ಯಾನಕ್ಕ ಕುಂತಂಗ ಕುಂತೀರಿ ನೋಡ್ರಿ," ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ಫೋಟೋದಲ್ಲಿ ನಮ್ಮ ಪಕ್ಕದಲ್ಲೇ, ನನ್ನ ಮೊಣಕಾಲಿಗೆ ತಾಗುವಂತೆ, ಬಸ್ಸಿನ ಗಾಲಿಯಿತ್ತು. ನಾನು ಕಣ್ಣು ಮುಚ್ಚಿದ್ದಾಗ ಅದು ಅಲ್ಲೇ ತಿರುಗುತ್ತಿತ್ತು. ಮನೆಯಲ್ಲಿ ನೀವಿಬ್ಬರೂ ಅವ್ವನ ದಾರಿ ಕಾಯುತ್ತಿದ್ದಿರಿ.

ಮರುದಿನ, ಫೋನು ಕೈಯಲ್ಲಿ ಹಿಡಿಯದೆ ಮಾತಾಡಲು ಕಿವಿಗೆ ಹಾಕುವ ಇಯರ್‌ಫೋನು ಕೊಳ್ಳಲು ಹಿಮಾಯತ್‌ನಗರದ ಅಂಗಡಿಗೆ ಹೋದೆವು. ಅಂಗಡಿಯವನು ಹಿಂದಿಯಲ್ಲಿ ಹೇಳಿದ್ದನ್ನು ಅವಳು ನನಗೆ ಬಿಡಿಸಿ ಹೇಳಿದಳು. ಎರಡೂ ಕಿವಿಗೆ ಹಾಕುವುದು ಬೇಡವೆಂದೆ, ಹಾರ್ನ್ ಕೇಳುವುದಿಲ್ಲ. ಹೆಲ್ಮೆಟ್ಟಿಗೆ ಅಂಟಿಸುವುದೂ ಇತ್ತು. ಕೊನೆಗೆ ಒಂದೇ ಕಿವಿಗೆ ಸಿಕ್ಕಿಸುವುದನ್ನು ಆರಿಸಿದಳು. ಇದಕ್ಕೆ ಪೊಲೀಸರು ಹಿಡಿಯುವುದಿಲ್ಲವೇ ಎಂದು ಅವಳಿಂದ ಕೇಳಿಸಿದೆ. ಕೈಯಲ್ಲಿ ಹಿಡಿದರಷ್ಟೇ ತಪ್ಪು ಎಂದ ಅಂಗಡಿಯವನು. ಪಕ್ಕದಲ್ಲಿದ್ದ ಗಿರಾಕಿ, ಸ್ಕೂಟರಿನವರ ಕಿವಿಯಲ್ಲಿ ಏನಿದ್ದರೂ ನಿಲ್ಲಿಸುತ್ತಾರೆ ಎಂದ. ಇಬ್ಬರೂ ಅಷ್ಟೇ ಖಚಿತವಾಗಿ ಹೇಳಿದರು. ನನ್ನ ಹೆದರಿಕೆ ಹಾಗೇ ಉಳಿಯಿತು.

ಅಂದಿನಿಂದ ಅವಳ ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ನಾನೂ ಕಣ್ಣು ತೆರೆದು ಕೂರತೊಡಗಿದೆ. ಕೆಲವು ದಿನಗಳ ನಂತರ ಒಂದು ಫೋನು ಬಂತು.

"ಹ್ಞೂಂರಿ, ಶೇಂಗಾ ಚಟ್ನಿ ಐತ್ರಿ. ಎಷ್ಟು ಮಂದಿ ಅದೀರಿ?" ಎನ್ನುತ್ತಿದ್ದಳು. ಎದುರಿಗೆ ಕೆಂಪು ದೀಪ. ಎಲ್ಲರೂ ನಿಂತರು, ಇವಳು ನಿಲ್ಲಲಿಲ್ಲ. ಬಲಗಡೆಯಿಂದ ಬಂದ ಬಸ್ಸು ಕಿರುಚಿಕೊಂಡು ನಿಂತಿತು. ಡ್ರೈವರ್ ತೆಲುಗಿನಲ್ಲಿ ಬೈದದ್ದು ನನಗೆ ಪೂರ್ತಿ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿದಳು.

"ದೀಪ ಕಾಣಲಿಲ್ಲೇನವ್ವ?"

"ಕಂಡಿತ್ರಿ ಅತ್ತೀ. ಕಂಡಿತ್ತು, ಖರೆ ತಲಿಯಾಗ ಇಳೀಲಿಲ್ಲ."

ಆ ಮಾತು ಕೇಳಿ ಬಸ್ಸಿಗಿಂತ ಹೆಚ್ಚು ಹೆದರಿದೆ. ಕೈ ಎರಡೂ ಜಾಗದಲ್ಲಿದ್ದವು, ಕಣ್ಣು ತೆರೆದಿತ್ತು, ಆದರೂ ಅವಳು ರಸ್ತೆಯಲ್ಲಿರಲಿಲ್ಲ, ಯಾರದೋ ಅಡುಗೆಮನೆಯಲ್ಲಿದ್ದಳು. ನಾನು ಕೈ ಚಾಚಿದೆ.

"ಫೋನು ಇಲ್ಲೆ ಕೊಡು. ಕಿವ್ಯಾಗಿಂದೂ ತಗಿ."

"ಗಂಡಸರೂ ಫೋನು ಮಾಡ್ತಾರ್ರಿ. ನೀವು ಮಾತಾಡ್ತೀರೇನು?"

"ಮಾಡ್ಲಿ."

ಬೇರೆ ಗಂಡಸರಿರಲಿ, ನಿಮ್ಮ ಮುತ್ಯಾ ಫೋನು ಮಾಡಿದರೂ ಮಗನ ಕೈಗೆ ಕೊಡುತ್ತಿದ್ದವಳು ನಾನು. ಸ್ವಲ್ಪ ದೂರ ಹೋಗುವುದರೊಳಗೆ ಅದು ಬಡಿದುಕೊಂಡಿತು. ಸ್ಪೀಕರ್ ಒತ್ತಿದೆ. ಮೈಸೂರು ಕಡೆಯ ಹುಡುಗನ ದನಿ. ನನ್ನ ಕೈ ತಾನಾಗಿ ಸೆರಗೆಳೆಯಲು ಹೋಯಿತು, ಹೆಲ್ಮೆಟ್ ಅಡ್ಡ ಬಂತು.

"ಎಲ್ಲಿದ್ದೀರಾ ಅಕ್ಕಾ?"

"ಗಾಡಿ ಮ್ಯಾಲ ಅದೀವಪ್ಪ. ಮುಟ್ಟಿದ ಮ್ಯಾಲ ಮಾತಾಡ್ತಾಳ."

"ನೀವ್ಯಾರು?"

"ಬುಟ್ಟಿ ಹಿಡಿಯಾಕಿ."

ಮುಂದೆ ನಿಮ್ಮ ಅವ್ವನ ಹೆಗಲು ಕುಲುಕಿದವು. ಅಳುತ್ತಿದ್ದಾಳೆಂದು ಹೆದರಿದೆ. ನಗುತ್ತಿದ್ದಳು.

ಇನ್ನು ಕೆಲವು ವರ್ಷಕ್ಕೆ ನೀವೂ ಗಾಡಿ ಕೇಳುತ್ತೀರಿ. ಆಗ ಫೋನು ಹಿಡಿಯಲು ನಾನು ಹಿಂದೆ ಇರುವುದಿಲ್ಲ. ನನ್ನ ಹೆದರಿಕೆಯೆಲ್ಲ ಈಗ ಅದೇ. ಈ ಹಾಳೆಗಳನ್ನು ಗಾಡಿಯ ಕಾಗದಪತ್ರಗಳ ಜೊತೆ ಡಿಕ್ಕಿಯಲ್ಲೇ ಇಡಿ. ಮಳೆಗೆ ತೊಯ್ಯದಂತೆ ಪ್ಲಾಸ್ಟಿಕ್ ಸುತ್ತಿರಿ, ಕಳೆಯಬೇಡಿರಿ.