ಕೋಡಿಯಲ್ಲಿ ಬಾಣಂತನ

ನನ್ನ ಅಕ್ಕನ ಬಾಣಂತಿಕೋಣೆಗೆ ಕೆರೆಯ ನೀರನ್ನು ನುಗ್ಗಿಸಿದವರು, ನಮ್ಮ ಬಡಾವಣೆಯನ್ನು ರಚಿಸಿ ಮಾರಿದ ಗೃಹ ನಿರ್ಮಾಣ ಸಹಕಾರ ಸಂಘದ ಪದಾಧಿಕಾರಿಗಳು. ಅವರ ನಕ್ಷೆಗೆ ಕಣ್ಣು ಮುಚ್ಚಿ ಮೊಹರು ಒತ್ತಿದ ಅಧಿಕಾರಿಗಳು ಅವರ ಸಹಾಯಕರು. ಕೇಳಿದರೆ ಇಬ್ಬರೂ ಮೇಲಕ್ಕೆ ಬೆರಳು ತೋರಿಸುತ್ತಾರೆ: ಅದು ಅಸಾಧಾರಣ ಮಳೆಯಂತೆ. ಆಕಾಶವನ್ನು ಠಾಣೆಗೆ ಕರೆಸಿ ವಿಚಾರಿಸುವ ಏರ್ಪಾಡು ಇನ್ನೂ ಆಗಿಲ್ಲದಿರುವುದರಿಂದ ಈ ವಾದ ಅವರಿಗೆ ಬಹಳ ಒಗ್ಗಿದೆ.

ಈ ಎಂಬತ್ತರ ದಶಕದ ಆರಂಭದಲ್ಲಿ, ವಿಜಯನಗರ ದಾಟಿ ಚಂದ್ರಾ ಲೇಔಟಿನ ಕಡೆಗೆ ಹೋಗುವ ಬಸ್ಸು ನಮ್ಮನ್ನು ಇಳಿಸುತ್ತಿದ್ದ ನಿಲ್ದಾಣದ ಹೆಸರು ಕೆರೆಕೋಡಿ. "ಯಾರ್ರೀ ಕೋಡಿ? ಕೋಡಿ ಇಳೀರಿ, ಬೇಗ ಬೇಗ!" ಎಂದು ಕಂಡಕ್ಟರ್ ದಿನವೂ ಕೂಗುತ್ತಿದ್ದ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿದುಹೋಗಲೆಂದು ಏರಿಯ ತುದಿಯಲ್ಲಿ ಬಿಟ್ಟ ದಾರಿಗೆ ಕೋಡಿ ಎನ್ನುತ್ತಾರೆ. ಇದನ್ನು ತಿಳಿಯಲು ಪದವಿ ಬೇಕಿಲ್ಲ. ನಾವು ಇಳಿಯುತ್ತಿದ್ದ ರಸ್ತೆ ಪಕ್ಕದ ನೆಲಕ್ಕಿಂತ ಎರಡಾಳು ಎತ್ತರದಲ್ಲಿತ್ತು. ಜನ ಅದನ್ನು ಏರಿ ಎಂದೇ ಕರೆಯುತ್ತಿದ್ದರು. ಏರಿ ಇದೆ, ಕೋಡಿ ಇದೆ, ಹಾಗಾದರೆ ಕೆರೆ ಎಲ್ಲಿ ಎಂಬ ಪ್ರಶ್ನೆ ಆ ಬಸ್ಸಿನಲ್ಲಿ ನೇತಾಡುತ್ತಿದ್ದ ಅಷ್ಟೊಂದು ಗುಮಾಸ್ತರು, ಮೇಷ್ಟರು, ಮೇಲ್ವಿಚಾರಕರ ಪೈಕಿ ಒಬ್ಬರಿಗೂ ಹೊಳೆಯಲಿಲ್ಲ. ಕೆರೆ ಬೇರೆಲ್ಲೂ ಹೋಗಿರಲಿಲ್ಲ. ಏರಿ ಇಳಿದು ನಾವು ತರಕಾರಿ ಚೀಲ ಹಿಡಿದು ಮನೆಗೆ ನಡೆಯುತ್ತಿದ್ದುದು ಅದರ ಹೊಟ್ಟೆಯಲ್ಲೇ.

ಅಪ್ಪ ಚಿತ್ರದುರ್ಗದ ಕಡೆಯವರು. ರಾಜಾಜಿನಗರದ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತರು. ಅವರ ಊರಿನಲ್ಲಿ ನೀರೆಂಬುದು ಬಾವಿಯ ತಳದಲ್ಲಿ ಆಗಾಗ ಮಿನುಗುವ ಒಂದು ವದಂತಿ. ಇಲ್ಲಿ ಮನೆಗೆ ಪಾಯ ತೋಡುವಾಗ, ಗುಂಡಿ ಸೊಂಟದ ಮಟ್ಟಕ್ಕೆ ಇಳಿಯುವ ಮೊದಲೇ ನೀರು ಒಸರಿತು. ಬೇರೆ ಯಾವ ಸೀಮೆಯವರಾದರೂ ಗಾಬರಿಯಾಗಿ ಸಂಘದ ಕಾರ್ಯದರ್ಶಿಯ ಬಳಿಗೆ ಓಡುತ್ತಿದ್ದರು. ಅಪ್ಪನೂ ಓಡಿದರು, ಪೇಡೆಯ ಪೊಟ್ಟಣ ಹಿಡಿದುಕೊಂಡು.

"ನಮ್ಮೂರಾಗೆ ಪಾತಾಳ ತೋಡಿದ್ರೂ ಬಂಡೇನೇ ಸಿಗೋದು. ಇಲ್ಲಿ ಪಾಯಕ್ಕೇ ಗಂಗಮ್ಮ ಬಂದಾಳೆ ನೋಡ್ರಿ!"

ಕಾರ್ಯದರ್ಶಿ ಪೇಡೆ ಬಾಯಿಗೆ ಹಾಕಿಕೊಂಡು, "ಭಾರೀ ಅದೃಷ್ಟ ಸಾರ್ ನಿಮ್ದು. ಅವನವನು ಬೋರ್ ಹಾಕ್ಸಿ ಹಾಕ್ಸಿ ಸಾಯ್ತಾವ್ನೆ, ನಿಮ್ಗೆ ತಾನಾಗೇ ಬಂದದೆ" ಎಂದರು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಷ್ಟರ ಮಟ್ಟಿಗೆ ಅವರನ್ನು ಮೆಚ್ಚಬೇಕು. ಅವ್ವ ಗುಂಡಿಯ ಬದಿಯಲ್ಲಿ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ಗಂಗೆಪೂಜೆ ಮಾಡಿದಳು. ಕೆರೆಯೊಳಗೆ ನಿಂತುಕೊಂಡು, ನೀರು ಸಿಕ್ಕಿತೆಂದು ಕೆರೆಗೇ ಆರತಿ ಎತ್ತಿದ ಸಂಸಾರ ಭೂಮಂಡಲದಲ್ಲಿ ನಮ್ಮದೊಂದೇ ಇರಬೇಕು. ಕಾರ್ಯದರ್ಶಿಗಳು ಭಕ್ತಿಯಿಂದ ಆರತಿಯನ್ನೂ ತೆಗೆದುಕೊಂಡರು.

ಮನೆ ಎದ್ದಿತು. ಅಪ್ಪ ಬೆಳಗ್ಗೆ ವರಾಂಡದಲ್ಲಿ ಕುಳಿತು ಪತ್ರಿಕೆ ಓದುವ ಯಜಮಾನರಾದರು. ಪತ್ರಿಕೆಯಲ್ಲಿ ಲೋಕದ ಹವಾಮಾನವೆಲ್ಲ ಬರುತ್ತಿತ್ತು: ಎಲ್ಲೋ ಸೂರಿನ ಮೇಲೆ ಕುಳಿತ ಸಂಸಾರ, ಇನ್ನೆಲ್ಲೋ ಹಿಮದಲ್ಲಿ ಹೂತುಹೋದ ಕಾರು, ಗಾಳಿ ಹೊತ್ತುಕೊಂಡು ಹೋದ ಊರು. ಅಪ್ಪ ಆ ಮಸುಕು ಚಿತ್ರಗಳನ್ನು ಕಣ್ಣಿನ ಹತ್ತಿರ ಹಿಡಿದು ಮರುಗುತ್ತಿದ್ದರು. "ಪಾಪ, ಹೊಳೆ ದಂಡ್ಯಾಗೆ ಯಾಕಾದ್ರೂ ಮನೆ ಕಟ್ಕಂತಾರೋ. ಒಂಚೂರು ಯೋಚ್ನೆ ಬ್ಯಾಡವಾ ಜನಕ್ಕೆ? ನಮ್ಮ ಬೆಂಗಳೂರಾಗೆ ಇಂಥವೆಲ್ಲ ಇಲ್ಲಪ್ಪ." ಹೀಗೆ ಹೇಳಿ, ನೆಲದಿಂದ ಆಳೆತ್ತರಕ್ಕೆ ಏರಿದ ತೇವದ ಕಲೆಯಿದ್ದ ಗೋಡೆಗೆ ನೆಮ್ಮದಿಯಿಂದ ಬೆನ್ನು ಆನಿಸುತ್ತಿದ್ದರು.

ಮದುವೆಯಾಗಿ ಬಸವೇಶ್ವರನಗರದಲ್ಲಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಮೊದಲ ಬಾಣಂತನ ತವರಿನದು. ಅದರಲ್ಲಿ ಕೊರತೆಯಾದರೆ ತಾಯಿಯಾದವಳು ಬೀಗರ ಮುಂದೆ ತಲೆ ಎತ್ತುವಂತಿಲ್ಲ. ಅವ್ವ ತಿಂಗಳುಗಟ್ಟಲೆ ತಯಾರಿ ನಡೆಸಿದ್ದಳು. ಹಿಂದಿನ ಕೋಣೆಯನ್ನು ಆರಿಸಿಕೊಂಡಳು, ಅಲ್ಲಿ ಗಾಳಿ ಆಡುವುದಿಲ್ಲವೆಂದು. ಬಾಣಂತಿಗೆ ಗಾಳಿ ತಾಗಬಾರದು. ಆದ್ದರಿಂದ ಕಿಟಕಿಯ ಸಂದಿಗಳಿಗೆ ಹಳೆಯ ಬಟ್ಟೆ ತುರುಕಿದಳು, ಅಕ್ಕನ ಕಿವಿಗೆ ಹತ್ತಿ ಇಟ್ಟಳು, ತಲೆಗೆ ಉಣ್ಣೆಯ ಸ್ಕಾರ್ಫ್ ಬಿಗಿದಳು, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಳು. ಗಾಳಿ ಎಂಬ ಶತ್ರು ಎಲ್ಲಿಂದ ಬಂದರೂ ಸೋತು ಹಿಂದಿರುಗಬೇಕು, ಅಂಥ ಕೋಟೆ. ನೀರಿನ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಗಂಗಮ್ಮ ಹೇಗೂ ನಮ್ಮ ಕಡೆಯವಳು.

ಹೆಣ್ಣುಮಗು. ಇನ್ನೂ ಹೆಸರಿಟ್ಟಿರಲಿಲ್ಲ.

ಅದು ಕಡುಬೇಸಿಗೆಯ ಒಂದು ಮಧ್ಯಾಹ್ನ. ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲಿದ್ದುದು ಇದ್ದಕ್ಕಿದ್ದಂತೆ ಕಪ್ಪಾಗಿ, ಮೊದಲು ಗಾಳಿ ಎದ್ದಿತು, ಆಮೇಲೆ ಆಲಿಕಲ್ಲು ಬಿತ್ತು. ಗೋಲಿಯಷ್ಟಿದ್ದದ್ದು ನಿಂಬೆಹಣ್ಣಿನ ಗಾತ್ರಕ್ಕೆ ಬಂದು, ಬಚ್ಚಲುಮನೆಯ ಕಲ್ನಾರು ಶೀಟು ತೂತಾಯಿತು. ಅಂಥದ್ದನ್ನು ನಾವು ಎಂದೂ ಕಂಡಿರಲಿಲ್ಲ, ಒಪ್ಪುತ್ತೇನೆ. ಅಪ್ಪ ಮಾತ್ರ ಅಂಗಳಕ್ಕೆ ಬೋಗುಣಿಗಳನ್ನು ಇಟ್ಟು, ಸಿಕ್ಕಿದ್ದು ಪುಣ್ಯವೆಂಬಂತೆ ಆಲಿಕಲ್ಲು ತುಂಬಿಸುತ್ತಿದ್ದರು. ಅದರ ಹಿಂದೆಯೇ ಮಳೆ ಬಂತು. ಎದುರುಮನೆ ಕಾಣದಂಥ ಮಳೆ.

ಒಳಗಿನಿಂದ ಅಕ್ಕನ ಧ್ವನಿ ಕೇಳಿಸಿತು. "ಅವ್ವಾ, ಬಚ್ಚಲಾಗೆ ಏನೋ ಗೊಳಗೊಳ ಅಂತೈತೆ."

"ಹಂಡೆ ಕುದೀತಿರಬೇಕು, ಸುಮ್ನೆ ಮಲಕ್ಕ."

"ಕುದಿಯೋ ಹಂಡೆ ನಡ್ಕಂಡು ಬರ್ತದಾ? ಬಾಗಿಲ ತಾವ ಬಂತು ನೋಡು."

ಬಚ್ಚಲ ತೂಬಿನಿಂದ ಕಂದುನೀರು ಒಳಮುಖವಾಗಿ ಉಕ್ಕುತ್ತಿತ್ತು. ಅವ್ವ ಗೋಣಿಚೀಲ ತುರುಕುವಷ್ಟರಲ್ಲಿ ಹಿತ್ತಲ ಬಾಗಿಲ ಅಡಿಯಿಂದಲೂ ಬಂತು, ಆಮೇಲೆ ಮುಂಬಾಗಿಲಿನಿಂದ, ಮನೆಯ ಯಜಮಾನರಂತೆ ರಾಜಾರೋಷವಾಗಿ. ಅಗ್ಗಿಷ್ಟಿಕೆಯ ಕೆಂಡ ಚುಂಯ್ ಎಂದು ಆರಿ, ಕೋಣೆಯ ತುಂಬ ಹಬೆ ತುಂಬಿತು. ಅಪ್ಪ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟರು. ನೀರು ಇಟ್ಟಿಗೆಯನ್ನೂ ದಾಟಿತು. ಅದೇ ಗಳಿಗೆಯಲ್ಲಿ ಅವ್ವ ದೇವರ ಕೋಣೆಯಿಂದ ಕಿಟಾರನೆ ಚೀರಿದಳು. ಮನೆಯ ಹಿಂದಿನ ಜೌಗುನೆಲದಿಂದ ಬಂದ ಬೆರಳುದ್ದದ ಮೀನೊಂದು ವಿಭೂತಿ ಗಟ್ಟಿಯ ಪಕ್ಕದಲ್ಲಿ ಬಾಲ ಆಡಿಸಿಕೊಂಡು ಈಜುತ್ತಿತ್ತು. ತಲೆತಲಾಂತರದಿಂದ ಮೀನು ಮುಟ್ಟದ ಮನೆತನ ನಮ್ಮದು.

ಮಗುವನ್ನು ಎದೆಗೆ ಅವಚಿಕೊಂಡು ಮಂಚದ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ ಅಕ್ಕ ಹೇಳಿದಳು: "ಅಪ್ಪಾ, ನಿಮ್ಮ ಗಂಗಮ್ಮ ಬಂದಾಳೆ. ಈ ಸಲ ಮಕ್ಕಳು ಮರಿ ಎಲ್ಲಾ ಕರ್ಕಂಡು ಬಂದಾಳೆ. ಪೇಡೆ ತರ್ರಿ."

ಅಪ್ಪನ ಬೋಗುಣಿಯೊಂದು ಆಲಿಕಲ್ಲು ಸಮೇತ ತೇಲುತ್ತಾ ಅವರೆದುರೇ ಹಾದುಹೋಯಿತು.

ಎದುರಿನ ಮಹಡಿಮನೆಯ ಆಂಟಿ ಬಾಲ್ಕನಿಯಿಂದ ಕೂಗುತ್ತಿದ್ದರು. "ಮಗೂನ ಇಲ್ಲಿಗೆ ತನ್ರೀ! ಇನ್ನೂ ಏನ್ ನೋಡ್ತಾ ಕೂತಿದೀರಾ? ದೋಣಿ ಬರುತ್ತೆ ಅಂತಾನಾ?" ಮಗುವಿನ ಸ್ನಾನದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕಂಬಳಿ ಹಾಸಿ, ಮಗುವನ್ನು ಮಲಗಿಸಿ, ಮೇಲೆ ರೈನ್‌ಕೋಟು ಮುಚ್ಚಿ ನಾನು ತಲೆಯ ಮೇಲೆ ಹೊತ್ತುಕೊಂಡೆ. ಅಪ್ಪ ಅಕ್ಕನ ತೋಳು ಹಿಡಿದರು. ಹಸಿ ಬಾಣಂತಿ ತೊಡೆಮಟ್ಟದ ಕೆಸರುನೀರಿನಲ್ಲಿ ಕಾಲು ತಡವುತ್ತಾ ನಡೆಯುತ್ತಿದ್ದರೆ, ಅವ್ವ ಹಿಂದಿನಿಂದ ಕೊಡೆ ಹಿಡಿದು ಕೂಗುತ್ತಿದ್ದಳು: "ಕಿವಿ ಮುಚ್ಕಳೇ, ಗಾಳಿ ತಾಗತೈತೆ! ಹತ್ತಿ ಬಿದ್ದೀತು!" ಆ ಹತ್ತಿ ಬೀಳಲಿಲ್ಲ. ಅವ್ವ ವಹಿಸಿಕೊಂಡ ಕೆಲಸದಲ್ಲಿ ಅವಳಿಂದ ಲೋಪವಾಗಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ, ಏಕೆಂದರೆ ಈ ಪ್ರಕರಣದಲ್ಲಿ ಇನ್ನಾರ ಬಗ್ಗೆಯೂ ಹೀಗೆ ಹೇಳುವಂತಿಲ್ಲ.

ಸಂಜೆ ಆಂಟಿಯ ಮನೆಯ ರೇಡಿಯೋ, ನಗರದ ಕೆಲವೆಡೆ ಸಾಧಾರಣ ಮಳೆಯಾಗಿದೆ ಎಂದು ತಿಳಿಸಿತು. ಮರುದಿನ ಬೆಳಗ್ಗೆ ಒಬ್ಬ ಅಧಿಕಾರಿಯನ್ನು ಕರೆದುಕೊಂಡು ಕಾರ್ಯದರ್ಶಿ ಬಂದರು. ಇಬ್ಬರೂ ಏರಿಯ ಮೇಲೆ ಒಣಗಿದ ಜಾಗ ನೋಡಿಕೊಂಡು ನಿಂತರು. ನಾನು ಕೆಳಗಿನಿಂದ ಹತ್ತಿಹೋಗಿ, ನೀರು ಹೇಗೆ ನುಗ್ಗಿತೆಂದು ಕೇಳಿದೆ.

"ಅಸಾಧಾರಣ ಮಳೆ ಅಲ್ವೇನಮ್ಮಾ, ನೇಚರ್ ಇದು. ನಮ್ ಕೈಯಲ್ಲೇನಿದೆ?" ಎಂದರು ಅಧಿಕಾರಿ. ರಾತ್ರಿ ಕಳೆಯುವುದರೊಳಗೆ ಸಾಧಾರಣ ಮಳೆಗೆ ಬಡ್ತಿ ಸಿಕ್ಕಿತ್ತು.

"ಕುರುಬರಹಳ್ಳಿಯಲ್ಲೂ ಇದೇ ಮಳೆ ಬಿದ್ದಿದೆ ಸಾರ್. ಅಲ್ಲಿ ಯಾರ ದೇವರ ಕೋಣೆಗೂ ಮೀನು ಬಂದಿಲ್ಲ."

"ಅದು ಎತ್ತರದ ಜಾಗ."

"ಇದು?"

"ಇದು... ಸ್ವಲ್ಪ ತಗ್ಗು."

"ಏರಿ ಪಕ್ಕದಲ್ಲಿರೋ ತಗ್ಗಿಗೆ ಕನ್ನಡದಲ್ಲಿ ಏನಂತಾರೆ ಸಾರ್?"

ಕಾರ್ಯದರ್ಶಿ ನಡುವೆ ಬಂದರು. "ಓದಿರೋ ಹೆಣ್ಮಕ್ಳ ಹತ್ರ ಮಾತಾಡೋದೇ ಕಷ್ಟ ಸಾರ್. ಬನ್ನಿ, ಆಫೀಸಲ್ಲಿ ಕಾಫಿ ಕುಡಿಯೋಣ."

ಅವರು ಕಾಫಿ ಕುಡಿಯಲು ಹೋದ ಸಂಘದ ಹೊಸ ಕಚೇರಿಯನ್ನು ನಾನು ಅಂದೇ ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆ. ಅದು ನಿಂತಿರುವುದು ಕೋಡಿಯ ಮೇಲೆ. ನೀರು ಹೊರಗೆ ಹೋಗಲು ಉಳಿದಿದ್ದ ಒಂದೇ ಒಂದು ಕಾಲುವೆಯ ಬಾಯಿಗೆ ಅಡ್ಡವಾಗಿ ಅದರ ಕಾಂಪೌಂಡು ಹಾಯ್ದಿದೆ. ಆ ಗೋಡೆಯ ನಮ್ಮ ಕಡೆಗೆ ನೀರು ಇನ್ನೂ ನಿಂತಿತ್ತು. ಆಚೆ ಕಡೆ ಕಾಲುವೆ ಖಾಲಿ ಬಿದ್ದಿತ್ತು. ಇನ್ನೊಂದು ವಿಶೇಷ: ಬಡಾವಣೆಯ ಮನೆಗಳಿಗೆಲ್ಲ ಎರಡು ಮೆಟ್ಟಿಲಿನ ಎತ್ತರ ಸಾಕೆಂದು ಸಲಹೆ ಕೊಟ್ಟ ಸಂಘವು ತನ್ನ ಕಟ್ಟಡವನ್ನು ಎದೆಮಟ್ಟದ ಕಲ್ಲುಕಟ್ಟೆಯ ಮೇಲೆ ಕಟ್ಟಿಕೊಂಡಿದೆ. ಮಳೆ ಅವರಿಗೆ ಅನಿರೀಕ್ಷಿತವಾಗಿತ್ತೆಂದು ನಂಬಲು ಆ ಕಟ್ಟೆ ನನ್ನನ್ನು ಬಿಡುತ್ತಿಲ್ಲ.

ಅಕ್ಕನ ಅತ್ತೆ ಅದೇ ಮಧ್ಯಾಹ್ನ ಆಟೋ ಮಾಡಿಕೊಂಡು ಬಂದರು. ಏರಿಯ ಮೇಲೆ ನಿಂತು ಕೆಳಗಿನ ದೃಶ್ಯವನ್ನು ನಿಧಾನವಾಗಿ ನೋಡಿದರು. "ಮೊದಲ್ನೇದು ತವರಲ್ಲೇ ಆಗ್ಲಿ ಅಂತ ನಾವೇ ಕಳ್ಸಿದ್ವಿ ಕಣ್ರೀ ಬೀಗಿತ್ತಿ. ತವರು ನೆಲದ ಮೇಲಿದೆ ಅನ್ಕೊಂಡಿದ್ವಿ." ಅಷ್ಟೇ. ಅಕ್ಕ, ಮಗು, ಎಣ್ಣೆಯ ಬಾಟಲಿ ಆಟೋ ಹತ್ತಿದವು. ಅಕ್ಕನ ಕಿವಿಯ ಹತ್ತಿಯನ್ನು ಅವ್ವ ಕೊನೆಯ ಬಾರಿಗೆ ಸರಿಮಾಡಿದಳು. ಆಟೋ ಹೋದ ಮೇಲೆ ಅವಳು ಬಾಣಂತಿಕೋಣೆಗೆ ಹೋಗಿ, ಕಿಟಕಿಯ ಸಂದಿಯಿಂದ ಬಟ್ಟೆಗಳನ್ನು ಒಂದೊಂದಾಗಿ ಕಿತ್ತಳು. ಆಮೇಲೆ ಆ ಕೋಣೆಯಲ್ಲಿ ಯಾರೂ ಮಲಗಿಲ್ಲ.

ಪರಿಹಾರ ಬರಲಿಲ್ಲವೆಂದು ದೂರುವಂತಿಲ್ಲ. ಬಂತು. ಒಂದು ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಹೊಸ ಹಳದಿ ಬೋರ್ಡು ನಿಂತಿತ್ತು: ಹೊಂಬಿಸಿಲು ಬಡಾವಣೆ. ಕೆರೆಕೋಡಿ ಎಂಬ ಹೆಸರಿನಿಂದ ನಿವೇಶನಗಳ ಗೌರವಕ್ಕೆ ಕುಂದುಂಟಾಗುತ್ತದೆಯೆಂದು ಸಂಘವು ಮನವಿ ಮಾಡಿಕೊಂಡಿತ್ತಂತೆ. ಮನವಿಗೆ ಮನ್ನಣೆ ಸಿಕ್ಕಿತು. ನಮಗೆ ಎಚ್ಚರಿಕೆ ಕೊಡುತ್ತಿದ್ದುದು ಇಡೀ ಸರ್ಕಾರದಲ್ಲಿ ಆ ಕಂಡಕ್ಟರ್ ಕೂಗು ಒಂದೇ; ಅದನ್ನೂ ಕಿತ್ತುಕೊಂಡರು. ಆದರೆ ಕಂಡಕ್ಟರ್ ಬಾಯಿಗೆ ಹೊಸ ಹೆಸರು ಹೊಂದಲಿಲ್ಲ. "ಹೊಂಬಿಸ್ಲು ಯಾರ್ರೀ? ಹೊಂಬಿಸ್ಲು!" ಎಂದು ಕೂಗುತ್ತಾನೆ. ಯಾರೂ ಅಲ್ಲಾಡದಿದ್ದಾಗ, "ಅಯ್ಯೋ, ಕೋಡಿ ಕಣ್ರೀ, ಇಳೀರಿ!" ಎನ್ನುತ್ತಾನೆ. ಆಗ ಅರ್ಧ ಬಸ್ಸು ಎದ್ದು ನಿಲ್ಲುತ್ತದೆ.

ಅಕ್ಕ ಈಗ ಮತ್ತೆ ಬಸುರಿ. ದಿನ ತುಂಬುವುದು ಮಳೆಗಾಲದಲ್ಲಿ. ಅರ್ಧಕ್ಕೆ ನಿಂತ ಬಾಣಂತನವನ್ನು ಈ ಸಲ ಪೂರ್ತಿ ಮಾಡಿ ಕಳಿಸಬೇಕೆಂಬ ಒಂದೇ ಆಸೆ ಅವ್ವನಿಗೆ. ಕೇಳಲು ಬಸವೇಶ್ವರನಗರಕ್ಕೆ ಹೋಗಿದ್ದಳು, ನಾನೂ ಜೊತೆಗಿದ್ದೆ. ಅತ್ತೆ ಒರಟಾಗಿ ಏನೂ ಅನ್ನಲಿಲ್ಲ. "ಮಳೆ ಬಂದ್ರೆ ನೀರು ನುಗ್ಗಲ್ಲ ಅಂತ ಜವಾಬ್ದಾರಿ ಇರೋರು ಯಾರಾದ್ರೂ ಬರೆದುಕೊಡ್ಲಿ. ನಾನೇ ಆಟೋದಲ್ಲಿ ಕರ್ಕೊಂಡ್ ಬಂದು ಬಿಡ್ತೀನಿ" ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಅವ್ವ ನನ್ನನ್ನು ಕೇಳಿದಳು: "ಜವಾಬ್ದಾರಿ ಇರೋರು ಅಂದ್ರೆ ಯಾರೇ?" ವಿಶ್ವವಿದ್ಯಾಲಯದಲ್ಲಿ ಓದಿದವಳೆಂಬ ಕಾರಣಕ್ಕೆ, ಮನೆಗೆ ಬಂದು ನಾನು ಕಾಗದ, ಪೆನ್ನು ತೆಗೆದುಕೊಂಡೆ.

ಆದ್ದರಿಂದ, ಆರಂಭದಲ್ಲಿ ಹೇಳಿದ ಪದಾಧಿಕಾರಿಗಳಲ್ಲಿಯೂ ಅಧಿಕಾರಿಗಳಲ್ಲಿಯೂ ಈ ಮೂಲಕ ವಿಧ್ಯುಕ್ತವಾಗಿ ಕೋರುತ್ತೇನೆ. ಕೆರೆಯ ಅಂಗಳವನ್ನು ನಿವೇಶನವೆಂದು ಯಾವ ಆಧಾರದ ಮೇಲೆ ಮಾರಲಾಯಿತು ಮತ್ತು ಯಾರು ಒಪ್ಪಿಗೆ ಕೊಟ್ಟರು ಎಂಬುದನ್ನು ಬಹಿರಂಗವಾಗಿ ತಿಳಿಸಬೇಕು. ಕೋಡಿಕಾಲುವೆಗೆ ಅಡ್ಡವಾಗಿರುವ ಸಂಘದ ಕಾಂಪೌಂಡನ್ನು ಮಳೆಗಾಲ ಕಾಲಿಡುವ ಮೊದಲು ಒಡೆದು ನೀರಿಗೆ ಅದರ ದಾರಿಯನ್ನು ಬಿಟ್ಟುಕೊಡಬೇಕು; ಕಚೇರಿ ಎತ್ತರದಲ್ಲಿರುವುದರಿಂದ ಕಾಫಿಗೆ ತೊಂದರೆಯಾಗಲಾರದು. ನಿಲ್ದಾಣಕ್ಕೆ ಅದರ ಹಳೆಯ ಹೆಸರನ್ನು ಮರಳಿಸಬೇಕು, ಮುಂದೆ ನಿವೇಶನ ನೋಡಲು ಬರುವವರು ಅದನ್ನು ಓದಿಕೊಳ್ಳಲಿ. ಕೊನೆಯದಾಗಿ, ನಮ್ಮ ಹಿಂದಿನ ಕೋಣೆಗೆ ಈ ಮಳೆಗಾಲದಲ್ಲಿ ನೀರು ಬರುತ್ತದೆಯೋ ಇಲ್ಲವೋ ಎಂಬುದನ್ನು ಸಹಿ ಹಾಕಿ, ಲಿಖಿತವಾಗಿ ತಿಳಿಸಬೇಕು. ಸಾಧಾರಣ, ಅಸಾಧಾರಣ ಎಂಬ ಪದಗಳನ್ನು ದಯವಿಟ್ಟು ಬಳಸಬಾರದು. ಕಿಟಕಿಯ ಸಂದಿಗೆ ತುರುಕುವ ಬಟ್ಟೆಗಳನ್ನು ಅವ್ವ ಒಗೆದು, ಮಡಿಸಿ ಇಟ್ಟುಕೊಂಡು ಕಾಯುತ್ತಿದ್ದಾಳೆ.